ಚಿಕ್ಕಬಳ್ಳಾಪುರದ ಬಿಸಿಲಿಗೆ ಜೆಎಸ್‌ಬಿಸಿಮ್ ಹೊಂದಿಸುವ ಬಗೆ

ಜೆಎಸ್‌ಬಿಸಿಮ್ ವಿಮಾನದ ಚಲನೆಯನ್ನು ಲೆಕ್ಕ ಹಾಕುವ ಮುಕ್ತ ತಂತ್ರಾಂಶ. ಫ್ಲೈಟ್‌ಗಿಯರ್ ಎಂಬ ವಿಮಾನ ಹಾರಾಟದ ಸಿಮ್ಯುಲೇಟರ್ ಕೂಡ ಇದನ್ನು ಬಳಸುತ್ತದೆ. ತೆರೆಯ ಮೇಲೆ ಚಿತ್ರ ಮೂಡದು, ಬರೀ ಅಂಕಿಗಳು. ಹಾಗಾಗಿ ಹಳೆಯ ಲ್ಯಾಪ್‌ಟಾಪೇ ಸಾಕು. ಪೈಥಾನ್ ಭಾಷೆ ಇದ್ದರೆ ಅದರ ಅಳವಡಿಕೆ ಸಾಧನ ಪಿಪ್ ಮೂಲಕ ಹಾಕಿಕೊಳ್ಳಿ. ಸೆಸ್ನಾ 172 ಎಂಬ ಪುಟ್ಟ ವಿಮಾನದ ಕಡತ (ಹೆಸರು ಸಿ172ಎಕ್ಸ್) ಜೊತೆಗೇ ಬರುತ್ತದೆ.

ನೀವೇನೂ ಹೇಳದಿದ್ದರೆ ನೆಲ ಸಮುದ್ರಮಟ್ಟದಲ್ಲಿದೆ, ಹವೆ ಪ್ರಮಾಣಿತ ಎಂದೇ ಅದು ಲೆಕ್ಕ ಹಿಡಿಯುತ್ತದೆ. ಚಿಕ್ಕಬಳ್ಳಾಪುರದ ನೆಲವೋ ಸುಮಾರು 3,000 ಅಡಿ ಎತ್ತರದಲ್ಲಿದೆ, ನಂದಿಬೆಟ್ಟದ ನೆತ್ತಿ 4,849 ಅಡಿ. ಇದನ್ನು ಸರಿಪಡಿಸದೆ ಬಂದ ಫಲಿತಾಂಶ ಮಂಗಳೂರಿನ ಕಡಲತಡಿಗೆ ಒಪ್ಪೀತು, ನಮ್ಮ ಬಯಲುಸೀಮೆಗಲ್ಲ.

ವಿಮಾನವನ್ನು ಲೋಡ್ ಮಾಡಿದ ಮೇಲೆ ಆರಂಭದ ಸ್ಥಿತಿ ಕೊಡಿ: ಅಕ್ಷಾಂಶ 13.43, ರೇಖಾಂಶ 77.73, ನೆಲದ ಎತ್ತರ 3,000 ಅಡಿ, ಸಮುದ್ರಮಟ್ಟದಿಂದ ಹಾರಾಟದ ಎತ್ತರ 6,500 ಅಡಿ, ಮಾಪಕ ತೋರುವ ವೇಗ 90 ನಾಟ್. ಎತ್ತರ ಸಮುದ್ರಮಟ್ಟದಿಂದಲೋ ನೆಲದಿಂದಲೋ ಎಂಬುದನ್ನು ಎರಡು ಸಲ ನೋಡಿ. ಇವೆರಡೂ ಬೇರೆಬೇರೆ ಪ್ರಾಪರ್ಟಿಗಳು (ತಂತ್ರಾಂಶದೊಳಗಿನ ಹೆಸರಿಟ್ಟ ಮೌಲ್ಯಗಳು). ಅದಲುಬದಲಾದರೆ ವಿಮಾನ ನೆಲದೊಳಗೇ ಹುಟ್ಟಬಹುದು.

ಇನ್ನು ಬಿಸಿಲು. 3,000 ಅಡಿಯಲ್ಲಿ ಪ್ರಮಾಣಿತ ತಾಪಮಾನ ಸುಮಾರು 9 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ವ್ಯತ್ಯಾಸ 26. ಆದರೆ ಈ ವ್ಯತ್ಯಾಸ ಕೊಡುವ ಪ್ರಾಪರ್ಟಿ 'ಡೆಲ್ಟಾ-ಟಿ'ಗೆ 26 ಹಾಕಬೇಡಿ. ಅದರ ಮಾನ ರ‍್ಯಾಂಕಿನ್ (ಇದರ ಡಿಗ್ರಿ ಫ್ಯಾರನ್‌ಹೀಟ್‌ನಷ್ಟೇ ದೊಡ್ಡದು), ಹಾಗಾಗಿ 1.8ರಿಂದ ಗುಣಿಸಿ 47 ಕೊಡಿ. ಆರಂಭದ ಸ್ಥಿತಿಯನ್ನು ಓಡಿಸಿದ ಕೂಡಲೇ 'ಡೆನ್ಸಿಟಿ-ಆಲ್ಟಿಟ್ಯೂಡ್' ಓದಿ, ಅಂದರೆ ಗಾಳಿಯ ಸಾಂದ್ರತೆ ಪ್ರಮಾಣಿತ ಹವೆಯ ಯಾವ ಎತ್ತರಕ್ಕೆ ಸಮ ಎಂಬುದನ್ನು. ಅದು 6,500ಕ್ಕಿಂತ ಎರಡು ಸಾವಿರ ಅಡಿಗೂ ಹೆಚ್ಚು ಮೇಲಿರಬೇಕು. 6,500ಕ್ಕೇ ನಿಂತಿದ್ದರೆ ಬಿಸಿಲು ಲೆಕ್ಕಕ್ಕೆ ಬಂದಿಲ್ಲ. ಅಷ್ಟು ಏರದೆ ನಡುವೆಯೇ ನಿಂತಿದ್ದರೆ ಗುಣಿಸುವುದನ್ನು ಮರೆತಿರಬಹುದು.

ಆಮೇಲೆ ಎಂಜಿನ್. ಮಿಕ್ಸ್ಚರ್ (ಇಂಧನ-ಗಾಳಿಯ ಮಿಶ್ರಣ) 0.87, ಮ್ಯಾಗ್ನೆಟೊ (ಕಿಡಿ ಹೊತ್ತಿಸುವ ಸಾಧನ) 3, 'ಸೆಟ್-ರನ್ನಿಂಗ್' ಮೈನಸ್ 1 ಕೊಟ್ಟರೆ ಎಂಜಿನ್ ಚಾಲೂ. ಟ್ರಿಮ್ (ಬಲಗಳೆಲ್ಲ ಸರಿದೂಗುವಂತೆ ವಿಮಾನವನ್ನು ಹೊಂದಿಸುವುದು) ಮಾಡಬೇಕಾದ್ದು ಇದಾದ ಮೇಲೆಯೇ. ಟ್ರಿಮ್ ವಿಫಲವಾದರೆ ಮೊದಲು ಎಂಜಿನ್ ನೋಡಿ. ಅದು ನಿಂತಿದ್ದರೆ ಥ್ರಾಟಲ್ ಎಷ್ಟು ಒತ್ತಿದರೂ ಸಮತಟ್ಟಾದ ಹಾರಾಟಕ್ಕೆ ಬೇಕಾದ ನೂಕುಬಲ ಸಿಗುವುದಿಲ್ಲ. ಎಂಜಿನ್ ಸರಿಯಿದ್ದೂ ಕೈಕೊಟ್ಟರೆ ವೇಗವನ್ನು ಐದೈದು ನಾಟ್ ಬದಲಿಸಿ ನೋಡಿ.

ಟ್ರಿಮ್ ಕೂತಿತೇ? ಎಲಿವೇಟರ್‌ಗೆ (ಮೂತಿ ಏರಿಳಿಸುವ ಬಾಲದ ಪಟ್ಟಿ) ಮೈನಸ್ 0.05 ಕೊಟ್ಟು 240 ಹೆಜ್ಜೆ ಓಡಿಸಿ, ಸೊನ್ನೆಗೆ ತನ್ನಿ. ಒಂದು ಹೆಜ್ಜೆ ಎಂದರೆ ಸೆಕೆಂಡಿನ 120ನೇ ಒಂದು ಭಾಗ, ಹಾಗಾಗಿ 240 ಹೆಜ್ಜೆ ಎಂದರೆ ಎರಡು ಸೆಕೆಂಡಿನ ತಟ್ಟು. ಮುಂದೆ 14,400 ಹೆಜ್ಜೆ ಓಡಿಸುತ್ತಾ ವೇಗ, ಎತ್ತರ ಬರೆದಿಟ್ಟುಕೊಳ್ಳಿ. ವಿಮಾನ ನಿಧಾನವಾಗಿ ಏರಿಳಿಯುತ್ತದೆ: ಎತ್ತರ ಹೆಚ್ಚಿದಾಗ ವೇಗ ತಗ್ಗುತ್ತದೆ, ಇಳಿದಾಗ ಕೂಡುತ್ತದೆ. ಇದೇ ಫ್ಯೂಗಾಯ್ಡ್. ವೇಗವನ್ನು 4.44ರಿಂದ ಗುಣಿಸಿ 9.81ರಿಂದ ಭಾಗಿಸಿದರೆ ಒಂದು ಸುತ್ತಿನ ಅಂದಾಜು ಕಾಲ ಸಿಗುತ್ತದೆ. ಇಲ್ಲಿ ಬೇಕಾದ್ದು ಮಾಪಕ ತೋರುವ 90 ನಾಟ್ ಅಲ್ಲ, ನಿಜವಾದ ವಾಯುವೇಗ, ಸೆಕೆಂಡಿಗೆ ಸುಮಾರು 53 ಮೀಟರ್. ಉತ್ತರ 24 ಸೆಕೆಂಡು. ನಿಮ್ಮ ನಕ್ಷೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಪರವಾಗಿಲ್ಲ. 2 ಅಥವಾ 100 ಬಂದರೆ ಮಾನ ತಪ್ಪಿದೆ. ನಡುವೆ ರೆಕ್ಕೆ ಒಂದೇ ಕಡೆ ವಾಲುತ್ತಾ ಹೋದರೆ ಏಲೆರಾನ್‌ಗೆ (ವಾಲುವಿಕೆ ನಿಯಂತ್ರಿಸುವ ರೆಕ್ಕೆಯ ಪಟ್ಟಿ) ಸಣ್ಣ ತಿದ್ದುಪಡಿ ಕೊಟ್ಟು ಮತ್ತೆ ಓಡಿಸಿ.