ಕಾಫಿ ತೊಟ್ಟಿಯ ಯೀಸ್ಟ್‌ಗಳ ಒಕ್ಕ ಪತ್ತೆ ಹಚ್ಚುವುದು ಹೇಗೆ?

ಪಲ್ಪರ್‌ನಿಂದ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ, ಇಳಿದ ಕಾಫಿ ಬೀಜ ತೊಟ್ಟಿಯಲ್ಲಿ ಒಂದು ರಾತ್ರಿ ಕಳೆದರೆ ಸಾಕು, ಹುಳಿ ವಾಸನೆ ಕಣದವರೆಗೂ ಹಬ್ಬುತ್ತದೆ. ಬೀಜಕ್ಕಂಟಿದ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳ ಜೊತೆ ಹಲವು ಬಗೆಯ ಯೀಸ್ಟ್‌ಗಳೂ ಬೆಳೆಯುತ್ತಿರುತ್ತವೆ. ಅವನ್ನು ಯಾರೂ ತಂದು ಹಾಕಿದ್ದಲ್ಲ. ಹಣ್ಣಿನ ಸಿಪ್ಪೆ, ನೀರು, ತೊಟ್ಟಿಯ ಗೋಡೆ, ಎಲ್ಲಿಂದಲೋ ಬಂದು ಸೇರಿದವು. ಸೂಕ್ಷ್ಮದರ್ಶಕದಲ್ಲಿ ಬಹುಪಾಲು ಒಂದೇ ಥರ ಕಾಣುತ್ತವೆ: ಮೊಟ್ಟೆಯಾಕಾರದ ಕೋಶ, ಪಕ್ಕದಲ್ಲೊಂದು ಮೊಗ್ಗು.

ಮುಖ ನೋಡಿ ಒಕ್ಕ, ಅಂದರೆ ಮನೆತನ, ಹೇಳಲಾಗದು, ಮನೆಹೆಸರು ಕೇಳಬೇಕು ಎಂಬುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಯೀಸ್ಟ್‌ನ ಮನೆಹೆಸರು ಅದರ ಡಿಎನ್‌ಎಯಲ್ಲಿದೆ. ಅದನ್ನು ಓದಲು ಕಾಲೇಜಿನ ಜೀವತಂತ್ರಜ್ಞಾನ ಪ್ರಯೋಗಾಲಯದ ನೆರವು ಬೇಕು. ಓದಿದ ಮೇಲೆ ವಂಶವೃಕ್ಷ ಕಟ್ಟುವ ಲೆಕ್ಕಾಚಾರವನ್ನು ಮಾತ್ರ ಮನೆಯ ಕಂಪ್ಯೂಟರ್‌ನಲ್ಲೇ ಮಾಡಬಹುದು.

ಮೊದಲು ಬೇರ್ಪಡಿಸಿ

ತೊಟ್ಟಿಯ ಲೋಳೆಯನ್ನು ಶುದ್ಧ ಸೀಸೆಯಲ್ಲಿ ಹಿಡಿದು, ಕ್ರಿಮಿಶುದ್ಧ ನೀರಿನಲ್ಲಿ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಹೀಗೆ ತೆಳುವಾಗಿಸುತ್ತ ಹೋಗಿ. ಬ್ಯಾಕ್ಟೀರಿಯಾ ತಡೆಯುವ ಕ್ಲೋರಾಂಫೆನಿಕಾಲ್ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಹರಡಿದರೆ ಎರಡು ಮೂರು ದಿನದಲ್ಲಿ ಕೆನೆಬಣ್ಣದ ಚುಕ್ಕೆಗಳು ಏಳುತ್ತವೆ. ಒಂದೇ ಚುಕ್ಕೆಯನ್ನು ಆರಿಸಿ ಹೊಸ ತಟ್ಟೆಯಲ್ಲಿ ಗೀಚಿ ಬೆಳೆಸಿ. ಮತ್ತೆ ಒಂದೆರಡು ಸಲ ಹಾಗೆಯೇ ಮಾಡಿ. ಇಲ್ಲಿ ಅವಸರ ಮಾಡಬೇಡಿ. ಎರಡು ಯೀಸ್ಟ್ ಬೆರೆತುಹೋದರೆ ಮುಂದೆ ಬರುವ ಡಿಎನ್‌ಎ ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಯಾವುದನ್ನೂ ಓದಲಾಗುವುದಿಲ್ಲ.

ಯಾವ ಭಾಗ ಓದಬೇಕು?

ಪೂರ್ತಿ ಡಿಎನ್‌ಎ ಬೇಕಿಲ್ಲ. 1996ರಲ್ಲಿ ಪೂರ್ಣವಾಗಿ ಓದಲಾದ ಬ್ರೆಡ್ಡಿನ ಯೀಸ್ಟ್‌ನಲ್ಲಿಯೇ ಸುಮಾರು 1.2 ಕೋಟಿ ಅಕ್ಷರಗಳಿವೆ. ಎಲ್ಲ ಯೀಸ್ಟ್‌ನಲ್ಲೂ ಇರುವ, ಆದರೆ ಪ್ರಭೇದದಿಂದ ಪ್ರಭೇದಕ್ಕೆ ತುಸು ಬದಲಾಗುವ ತುಣುಕು ಸಾಕು. ಪ್ರೋಟೀನ್ ಕಟ್ಟುವ ರೈಬೋಸೋಮ್ ಇಲ್ಲದ ಯೀಸ್ಟ್ ಇಲ್ಲ. ಆ ರೈಬೋಸೋಮಿನ 26ಎಸ್ ಆರ್‌ಎನ್‌ಎ ಜೀನಿನಲ್ಲಿ ಡಿ1/ಡಿ2 ಎಂಬ ಭಾಗವಿದೆ, ಸುಮಾರು 600 ಅಕ್ಷರ. ಒಂದು ಕೋಶದಲ್ಲಿ ಈ ಜೀನಿನ ಪ್ರತಿಗಳು ನೂರಕ್ಕೂ ಹೆಚ್ಚಿರುವುದರಿಂದ ಪಿಸಿಆರ್ ಯಂತ್ರದಲ್ಲಿ ನಕಲು ಮಾಡಿಸುವುದೂ ಸುಲಭ. ಎನ್‌ಎಲ್1, ಎನ್‌ಎಲ್4 ಎಂಬ ಪ್ರೈಮರ್‌ಗಳನ್ನು (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರುವ ಪುಟ್ಟ ಡಿಎನ್‌ಎ ತುಣುಕುಗಳು) ಬಳಸಿ ಪ್ರತಿ ತೆಗೆದು ಸೀಕ್ವೆನ್ಸಿಂಗ್‌ಗೆ, ಅಂದರೆ ಅಕ್ಷರ ಓದಿಸಲು, ಕಳಿಸಿದರೆ ಎ, ಸಿ, ಜಿ, ಟಿ ಅಕ್ಷರಗಳ ಸಾಲು ಕೈಸೇರುತ್ತದೆ. ಸಾಲಿನ ಎರಡೂ ತುದಿ ಸಾಮಾನ್ಯವಾಗಿ ಮಸುಕಾಗಿರುತ್ತದೆ, ಅಷ್ಟನ್ನು ಕತ್ತರಿಸಿ ಬಿಡಿ.

ಆ ಸಾಲನ್ನು ಜೀನ್‌ಬ್ಯಾಂಕ್ ಎಂಬ ಡಿಎನ್‌ಎ ಸಾಲುಗಳ ಸಾರ್ವಜನಿಕ ಸಂಗ್ರಹದಲ್ಲಿ ಬ್ಲಾಸ್ಟ್ ಎಂಬ ಉಚಿತ ಸಾಧನದಿಂದ ಹುಡುಕಿ. ಯೀಸ್ಟ್ ಸಂಶೋಧಕರಾದ ಕರ್ಟ್ಜ್‌ಮನ್ ಮತ್ತು ರಾಬ್ನೆಟ್ 1998ರಲ್ಲಿ ಸುಮಾರು 500 ಪ್ರಭೇದಗಳನ್ನು ಹೋಲಿಸಿ ಒಂದು ಅಳತೆಗೋಲು ಕೊಟ್ಟಿದ್ದಾರೆ: ಡಿ1/ಡಿ2ನಲ್ಲಿ ವ್ಯತ್ಯಾಸ ಮೂರು ಅಕ್ಷರದೊಳಗಿದ್ದರೆ ಸಾಮಾನ್ಯವಾಗಿ ಒಂದೇ ಪ್ರಭೇದ, ಆರು ಅಥವಾ ಹೆಚ್ಚಿದ್ದರೆ ಬಹುಶಃ ಬೇರೆ. ನಡುವಿನದ್ದಕ್ಕೆ ಇನ್ನೊಂದು ಜೀನ್ ಓದಿಸಬೇಕು. ಪಟ್ಟಿಯ ಮೊದಲ ಹೆಸರನ್ನೇ ನಂಬಿ ಕೂರಬೇಡಿ. ಸಂಗ್ರಹದಲ್ಲಿ ತಪ್ಪು ಹೆಸರು ಹೊತ್ತ ಸಾಲುಗಳೂ ಇವೆ. ಪ್ರಭೇದಕ್ಕೆ ಮೊದಲು ಹೆಸರಿಟ್ಟ ಮಾದರಿಯ ಸಾಲಿನೊಂದಿಗೇ ಹೋಲಿಸಿ.

ಸಾಲುಗಳನ್ನು ಜೋಡಿಸುವುದು

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಒಂದು ಯೀಸ್ಟ್‌ನಲ್ಲಿ ‘ಎಜಿಸಿಟಿಟಿಎ’ ಎಂದೂ ಇನ್ನೊಂದರಲ್ಲಿ ‘ಎಜಿಟಿಟಿಎ’ ಎಂದೂ ಇದೆ ಅಂದುಕೊಳ್ಳಿ. ಹಾಗೆಯೇ ಮೇಲೆ ಕೆಳಗೆ ಇಟ್ಟರೆ ಮೂರನೆಯ ಮತ್ತು ಐದನೆಯ ಅಕ್ಷರ ತಾಳೆಯಾಗುವುದಿಲ್ಲ, ಆರನೆಯದಕ್ಕೆ ಜೋಡಿಯೇ ಇಲ್ಲ. ಎರಡನೆಯ ಸಾಲಿನ ‘ಎಜಿ’ ಆದ ಮೇಲೆ ಒಂದು ಜಾಗ ಖಾಲಿ ಬಿಡಿ: ಉಳಿದೆಲ್ಲ ತಾಳೆಯಾಯಿತು! ನಡೆದಿದ್ದು ಒಂದೇ ಬದಲಾವಣೆ, ಒಂದು ‘ಸಿ’ ಬಿದ್ದುಹೋಗಿರುವುದು ಅಥವಾ ಬಂದು ಸೇರಿರುವುದು. ಮಸಲ್, ಮಾಫ್ಟ್ ತಂತ್ರಾಂಶಗಳು ಈ ಜೋಡಣೆಯನ್ನು ತಾವೇ ಮಾಡುತ್ತವೆ. ಆದರೂ ಕೊನೆಗೆ ಕಣ್ಣಾಡಿಸಿ. ಜೋಡಣೆ ತಪ್ಪಿದರೆ ವಂಶವೃಕ್ಷ ತಪ್ಪುತ್ತದೆ, ಅದೂ ಬಹಳ ಅಚ್ಚುಕಟ್ಟಾಗಿ ಕಾಣುವ ತಪ್ಪು ವೃಕ್ಷ.

ವೃಕ್ಷ ಕಟ್ಟುವುದು, ಓದುವುದು

ಮೆಗಾ ಎಂಬ ಉಚಿತ ತಂತ್ರಾಂಶಕ್ಕೆ ಜೋಡಿಸಿದ ಸಾಲುಗಳನ್ನು ಕೊಡಿ. ಜೊತೆಗೆ ದೂರದ ಬಂಧುವೊಂದನ್ನು ಸೇರಿಸಲೇಬೇಕು. ಅದಿಲ್ಲದೆ ಬುಡ ಯಾವುದು ಎಂದು ತಿಳಿಯದು. ಮೊಗ್ಗೊಡೆಯುವ ಯೀಸ್ಟ್‌ಗಳ ನಡುವೆ, ಮಧ್ಯದಲ್ಲಿ ಸೀಳಿ ಎರಡಾಗುವ ಸ್ಕಿಜೊಸ್ಯಾಕರೊಮೈಸಿಸ್ ಪಾಂಬೆಯನ್ನು ಇದಕ್ಕೆ ಬಳಸಬಹುದು. ಮೊದಲ ಪ್ರಯತ್ನಕ್ಕೆ ‘ನೇಬರ್ ಜಾಯ್ನಿಂಗ್’ ವಿಧಾನ ಸಾಕು, ನಂತರ ‘ಮ್ಯಾಕ್ಸಿಮಮ್ ಲೈಕ್ಲಿಹುಡ್’ನಲ್ಲೂ ಕಟ್ಟಿ ನೋಡಿ. ‘ಬೂಟ್‌ಸ್ಟ್ರ್ಯಾಪ್’ 1,000 ಎಂದು ಕೊಟ್ಟರೆ ಜೋಡಣೆಯ ಕಂಬಸಾಲುಗಳನ್ನು ಮನಬಂದಂತೆ ಹೆಕ್ಕಿ ಸಾವಿರ ಸಲ ವೃಕ್ಷ ಕಟ್ಟುತ್ತದೆ. ಕವಲಿನ ಬಳಿ 95 ಎಂದಿದ್ದರೆ ನೂರಕ್ಕೆ 95 ಸಲ ಅದೇ ಗುಂಪು ಬಂತೆಂದು ಅರ್ಥ. 50ಕ್ಕಿಂತ ಕಡಿಮೆಯಿದ್ದರೆ ಆ ಕವಲಿನ ಮೇಲೆ ಏನನ್ನೂ ವಾದಿಸಬೇಡಿ.

ಹಾಳೆಯಲ್ಲಿ ಅಕ್ಕಪಕ್ಕ ಬಂದವರೆಲ್ಲ ಹತ್ತಿರದ ನೆಂಟರಲ್ಲ. ಕವಲುಗಳನ್ನು ಬುಡದಲ್ಲಿ ಹಿಡಿದು ಮೇಲೆ ಕೆಳಗೆ ತಿರುಗಿಸಬಹುದು, ನಂಟು ಬದಲಾಗದು. ಎರಡು ತುದಿಗಳಿಂದ ಹಿಂದಕ್ಕೆ ನಡೆದು, ಎಲ್ಲಿ ಕೂಡುತ್ತವೋ ಅಲ್ಲಿ ಅವುಗಳ ಸಮಾನ ಪೂರ್ವಜ. ಹಾಗೆ ಓದಿದಾಗಲೇ ಹಳೆಯ ಹೆಸರುಗಳ ಗೊಂದಲ ಬಗೆಹರಿದದ್ದು. ಕಾಫಿ ಹುದುಗಿನಲ್ಲಿ ಸಿಗುವ ಪಿಚಿಯ ಕುದ್ರಿಯಾವ್ಜೆವಿಯೂ ಆಸ್ಪತ್ರೆಗಳು ರೋಗಿಗಳ ಸೋಂಕಿನಲ್ಲಿ ಕಂಡು ಕ್ಯಾಂಡಿಡಾ ಕ್ರುಸಿ ಎನ್ನುತ್ತಿದ್ದದ್ದೂ ಒಂದೇ ಯೀಸ್ಟ್. ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಕ್ಕೆ ಅದು ಸಹಜವಾಗಿಯೇ ಬಗ್ಗದು. ಹಾಗಾಗಿ ತಟ್ಟೆ ಹಿಡಿಯುವ ಕೈಗೆ ಗ್ಲೌಸ್ ಇರಲಿ.

ಒಂದೇ ಜೀನಿನ ವೃಕ್ಷ ಆ ಜೀನಿನ ಕಥೆಯನ್ನಷ್ಟೇ ಹೇಳುತ್ತದೆ. 2003ರಲ್ಲಿ ಸಂಶೋಧಕ ರೋಕಾಸ್ ಮತ್ತು ಸಂಗಡಿಗರು ಎಂಟು ಯೀಸ್ಟ್‌ಗಳ 106 ಜೀನ್‌ಗಳನ್ನು ಹೋಲಿಸಿದಾಗ ಬಿಡಿಬಿಡಿ ಜೀನ್‌ಗಳು ಬೇರೆ ಬೇರೆ ವೃಕ್ಷ ಕೊಟ್ಟವು. ಎಲ್ಲವನ್ನೂ ಕೂಡಿಸಿದಾಗ ಗಟ್ಟಿಯಾದ ಒಂದೇ ವೃಕ್ಷ ಬಂತು. 2018ರ ಹೊತ್ತಿಗೆ 332 ಯೀಸ್ಟ್‌ಗಳ ಪೂರ್ಣ ಜೀನೋಮ್‌ಗಳಿಂದ, ಅಂದರೆ ಪೂರ್ತಿ ಡಿಎನ್‌ಎಯಿಂದ, ವೃಕ್ಷ ಕಟ್ಟಲಾಯಿತು. ಲಾಗರ್ ಬಿಯರಿನ ಯೀಸ್ಟ್‌ನಂತೆ ಎರಡು ಪ್ರಭೇದ ಕೂಡಿ ಹುಟ್ಟಿದ ಮಿಶ್ರತಳಿ ಎದುರಾದರಂತೂ ಒಂದು ಜೀನ್ ಸಾಲದು. ಅಪ್ಪನ ಒಕ್ಕವನ್ನಷ್ಟೇ ಬರೆದು ಅಮ್ಮನ ತವರನ್ನು ಬಿಟ್ಟಂತಾಗುತ್ತದೆ.

ಕೊನೆಗೆ, ಪ್ರತಿ ಯೀಸ್ಟನ್ನೂ ಗ್ಲಿಸರಾಲ್‌ನಲ್ಲಿ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿಡಿ. ಸೀಸೆಯ ಮೇಲೆ ಊರು, ಅರೇಬಿಕವೋ ರೋಬಸ್ಟವೋ, ತೊಟ್ಟಿಗೆ ಹಾಕಿ ಎಷ್ಟು ಗಂಟೆಯಾಗಿತ್ತು, ದಿನಾಂಕ, ಇಷ್ಟನ್ನೂ ಅಳಿಸದ ಶಾಯಿಯಲ್ಲಿ ಬರೆದು, ಅದೇ ವಿವರವನ್ನು ಅಕ್ಷರಸಾಲಿನ ಜೊತೆ ಜೀನ್‌ಬ್ಯಾಂಕಿಗೂ ಸೇರಿಸಿ.