ಆಂಡ್ರಾಯ್ಡ್ ಬದಿಗಿಟ್ಟು ಫೋನಿನ ಸೆನ್ಸರ್ ಓದಿದ್ದು

ಮೊಬೈಲಿನ ಸೆನ್ಸರ್‌ಗಳನ್ನು ಆ್ಯಪ್‌ಗಳ ಹಂಗಿಲ್ಲದೆ ಓದಬೇಕೆಂಬ ಹಟಕ್ಕೆ ನಾನು ಆರಿಸಿಕೊಂಡದ್ದು 2013ರ ನೆಕ್ಸಸ್ 5. ಈಚಿನ ಹಲವು ಕ್ವಾಲ್‌ಕಾಮ್ ಫೋನ್‌ಗಳಲ್ಲಿ ಸೆನ್ಸರ್‌ಗಳು ಡಿಎಸ್‌ಪಿ ಎಂಬ ಬೇರೊಂದು ಪ್ರೊಸೆಸರಿನ ವಶದಲ್ಲಿರುತ್ತವೆ; ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ಗೆ ಅವು ನೇರವಾಗಿ ಸಿಗುವುದಿಲ್ಲ. ಈ ಹಳೆಯ ಫೋನಿನಲ್ಲಿ ಅವು ಐ2ಸಿ ಬಸ್‌ನಲ್ಲೇ, ಅಂದರೆ ಚಿಪ್‌ಗಳು ಪರಸ್ಪರ ಮಾತಾಡಿಕೊಳ್ಳುವ ಎರಡು ತಂತಿಗಳ ಹಾದಿಯಲ್ಲೇ ಇವೆ. ಮೈಸೂರಿನ ಮನೆಯಲ್ಲಿ ಕಪಾಟು ಸೇರಿದ್ದ ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಫೋನ್‌ಗಳ ಲಿನಕ್ಸ್ ಹಾಕಿ, ದೂರದಿಂದಲೇ ಆದೇಶ ಕೊಡಲು ಬಿಡುವ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕೆ.

ಬಸ್ ಜಾಲಾಡಿದಾಗ ಹೆಕ್ಸ್ (ಹದಿನಾರರ ಎಣಿಕೆಯ) 68ನೇ ವಿಳಾಸದಲ್ಲಿ ‘ಯುಯು’ ಎಂದು ಕಾಣಿಸಿತು. ಅಲ್ಲಿರುವ ಚಿಪ್ ಅನ್ನು ಆಗಲೇ ಕರ್ನಲ್‌ನ ಒಂದು ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಹಿಡಿದುಕೊಂಡಿದೆ ಎಂದರ್ಥ. ಅದು ಎಂಪಿಯು-6515, ಚಲನೆಯ ಸೆನ್ಸರ್. ನನಗೆ ಬೇಕಾಗಿದ್ದ ವಾಯುಭಾರದ ಸೆನ್ಸರ್ ಬಿಎಂಪಿ280 ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ದಿಕ್ಸೂಚಿಯೂ ಅದೂ ಎಂಪಿಯುವಿನ ಬೆನ್ನಿಗಿರುವ ಒಳ ಬಸ್‌ನಲ್ಲಿವೆ. ಎಂಪಿಯು ಬಾಗಿಲು ತೆಗೆದರಷ್ಟೇ ಅವುಗಳ ದರ್ಶನ. ಈ ಜೋಡಣೆಯೆಲ್ಲ ಡಿವೈಸ್ ಟ್ರೀ ಕಡತದಲ್ಲಿ, ಅಂದರೆ ಯಾವ ಚಿಪ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿಯಲ್ಲಿ ಬರೆದಿದೆ. ಮೊದಲು ಓದಬೇಕಾದದ್ದು ಅದನ್ನೇ. ಕಂಡ ಕಂಡ ಬಸ್‌ಗಳನ್ನೆಲ್ಲ ಜಾಲಾಡುವುದು, ಚಿಪ್‌ನೊಳಗಿನ ರಿಜಿಸ್ಟರ್‌ಗಳಿಗೆ (ಸೆಟ್ಟಿಂಗ್‌ಗಳ ಗೂಡುಗಳಿಗೆ) ಕೈಗೆ ಬಂದದ್ದನ್ನು ಬರೆಯುವುದು ಬೇಡವೇ ಬೇಡ. ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ ಕೂಡ ಐ2ಸಿಯಲ್ಲಿ ಇದ್ದೀತು; ತಪ್ಪು ಬರೆದರೆ ಅದರ ಸೆಟ್ಟಿಂಗ್ ಕೆಟ್ಟೀತು.

ಡ್ರೈವರ್ ಇದ್ದ ಮೇಲೆ ಉಳಿದದ್ದು ಸುಲಭ. ಸೆನ್ಸರ್‌ಗಳಿಗೆಂದೇ ಕರ್ನಲ್‌ನಲ್ಲಿರುವ ಐಐಓ ವ್ಯವಸ್ಥೆ ಪ್ರತಿ ಅಳತೆಯನ್ನೂ ಒಂದು ಕಡತವಾಗಿ ತೋರಿಸುತ್ತದೆ. ವೇಗೋತ್ಕರ್ಷದ ಕಚ್ಚಾ ಅಂಕಿಯನ್ನು ಪಕ್ಕದ ಸ್ಕೇಲ್ ಕಡತದ ಅಂಕಿಯಿಂದ ಗುಣಿಸಬೇಕು. ಮೇಜಿನ ಮೇಲೆ ಮಲಗಿಸಿದ ಫೋನ್ ಲಂಬ ದಿಕ್ಕಿನಲ್ಲಿ 9.8ರ ಹತ್ತಿರ, ಅಂದರೆ ಭೂಮಿಯ ಗುರುತ್ವದಷ್ಟು ತೋರಿಸಿದರೆ ಸರಿಯಿದೆ ಎಂದುಕೊಳ್ಳಬಹುದು. ವಾಯುಭಾರ ನೇರವಾಗಿ ಕಿಲೋಪಾಸ್ಕಲ್‌ನಲ್ಲೇ ಬರುತ್ತದೆ. ಇದರ ಓವರ್‌ಸ್ಯಾಂಪ್ಲಿಂಗ್ (ಒಂದು ಅಳತೆಗೆ ಎಷ್ಟು ಸಲ ಅಳೆದು ಸರಾಸರಿ ಹಿಡಿಯಬೇಕು ಎಂಬುದು) ನಮ್ಮ ಕೈಯಲ್ಲೇ ಇರುವುದು ನನಗೆ ತುಂಬ ಹಿಡಿಸಿತು. 16ರಿಂದ 1ಕ್ಕೆ ಇಳಿಸಿದೊಡನೆ ಕೊನೆಯ ಅಂಕಿಗಳು ಕುಣಿಯತೊಡಗಿದವು. ಯಾವ ಆ್ಯಪ್ ಇದನ್ನು ತೋರಿಸೀತು?

ಚಾಮುಂಡಿ ಬೆಟ್ಟದ ಪಾದದಲ್ಲಿ 92 ಕಿಲೋಪಾಸ್ಕಲ್ ಆಸುಪಾಸು ಇದ್ದದ್ದು ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ 89ರ ಆಸುಪಾಸಿಗೆ ಇಳಿದಿತ್ತು. ನಮ್ಮ ಎತ್ತರದಲ್ಲಿ ಮೀಟರಿಗೆ ಸುಮಾರು 10–11 ಪಾಸ್ಕಲ್ ಇಳಿಯುತ್ತದೆ, ಲೆಕ್ಕ ಹೊಂದುತ್ತದೆ. ಆದರೆ ನಮ್ಮ ಕಡೆ ವಾಯುಭಾರ ದಿನವೂ ಬೆಳಗಿನ 10ರ ಸುಮಾರಿಗೆ ಏರಿ ಸಂಜೆ 4ರ ಸುಮಾರಿಗೆ ಇಳಿಯುತ್ತದೆ. ಮೇಜಿನಿಂದ ಕದಲದ ಫೋನ್ ಕೂಡ ಮೂವತ್ತು ಮೀಟರ್‌ನಷ್ಟು ಮೇಲೇರಿದಂತೆ ಕಾಣುವುದು ಇದರಿಂದಲೇ. ಹಾಗಾಗಿ ಬೆಟ್ಟದ ಎತ್ತರ ಅಳೆಯುವವರು ಹತ್ತುವ ಮೊದಲು ಒಮ್ಮೆ, ಇಳಿದು ಬಂದ ಮೇಲೆ ಇನ್ನೊಮ್ಮೆ ಪಾದದಲ್ಲಿ ಅಳೆದು, ಎರಡರ ಸರಾಸರಿ ಹಿಡಿಯಬೇಕು.