ಹಿಟ್ಟು ಮುಗಿಯುವ ಮೊದಲು: ಚಿಕ್ಕ ಹೋಟೆಲಿನಲ್ಲಿ ಚೆನ್ನಾಗಿ ತಿನ್ನುವ ಬಗೆ

ಕೆಲಸದ ಮೇಲೆ ಊರೂರು ಸುತ್ತುವವನು ನಾನು. ಊಟ ತಿಂಡಿಯೆಲ್ಲ ಜಾಸ್ತಿ ಚಿಕ್ಕ ಹೋಟೆಲುಗಳಲ್ಲೇ. ಅಲ್ಲಿ ಚೆನ್ನಾಗಿ ತಿನ್ನಬೇಕು ಅಂದರೆ ಮೊದಲು ಆ ಹೋಟೆಲಿನ ಟೈಮು ತಿಳಿದುಕೊಳ್ಳಿ. ಬೋರ್ಡಿನಲ್ಲಿ ಬರೆದ ಟೈಮು ಒಂದು, ಅಡುಗೆಮನೆಯ ಟೈಮು ಇನ್ನೊಂದು. ಹನ್ನೊಂದೂವರೆವರೆಗೆ ಅಂತ ಬರೆದಿದ್ದರೂ ಹತ್ತಕ್ಕೇ ‘ಖಾಲಿ ಆಯ್ತು ಸಾರ್’ ಅನ್ನಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಕ್ಕಿ, ಉದ್ದು ನೆನೆಸಿ, ಸಂಜೆ ರುಬ್ಬಿ, ರಾತ್ರಿಯೆಲ್ಲ ಉಬ್ಬಲು ಬಿಟ್ಟ ಹಿಟ್ಟು ಅದು. ಮುಗಿದ ಮೇಲೆ ಅರ್ಧ ಗಂಟೆಯಲ್ಲಿ ಇನ್ನೊಂದು ಪಾತ್ರೆ ತಯಾರಾಗುವುದಿಲ್ಲ. ಬೇಗ ಖಾಲಿಯಾಗುವ ಹೋಟೆಲಿನಲ್ಲಿ ನಿನ್ನೆಯದು ಇವತ್ತಿಗೆ ಉಳಿಯುವುದಿಲ್ಲ ಅಲ್ವಾ? ನಾನು ಅಂಥದ್ದನ್ನೇ ಹುಡುಕಿಕೊಂಡು ಹೋಗುತ್ತೇನೆ.

ವಾರದ ರಜೆ ಗೊತ್ತಿರಲಿ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಹಳೆಯ ಟಿಫಿನ್ ರೂಮುಗಳು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆ ಕಾಲ ಬಾಗಿಲು ಹಾಕುತ್ತವೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದವರು ಅವರು, ಮಲಗಬೇಕು. ಆ ಹೊತ್ತಿಗೆ ಹೋಗಿ ಶಟರ್ ತಟ್ಟಬೇಡಿ. ಹನ್ನೆರಡೂವರೆಗೆ ಹಸಿವಾದರೆ ಊಟದ ಹೋಟೆಲ್ ನೋಡಿ. ದೋಸೆಗೆ ಬೆಳಗ್ಗೆ ಏಳೂವರೆ, ಇಲ್ಲವೇ ಸಂಜೆ ನಾಲ್ಕು ಒಳ್ಳೆಯ ಹೊತ್ತು.

ಏಳೂವರೆ ಯಾಕೆ ಅಂದರೆ ಕಾವಲಿ ಅಷ್ಟೊತ್ತಿಗೆ ಹದಕ್ಕೆ ಬಂದಿರುತ್ತದೆ. ಒಳಗೆ ಕಾಣುವ ಹಾಗಿದ್ದರೆ ಸ್ವಲ್ಪ ನಿಂತು ನೋಡಿ. ಅಡುಗೆಯವರು ಕಾವಲಿಗೆ ನೀರು ಚಿಮುಕಿಸಿ, ಚುಯ್ ಅಂದ ತಕ್ಷಣ ಕಡ್ಡಿ ಪೊರಕೆಯಿಂದ ಗುಡಿಸುತ್ತಾರೆ. ಸಾಲಾಗಿ ಹಿಟ್ಟು ಹುಯ್ದು, ಬಟ್ಟಲಿನ ತಳದಿಂದ ತಿರುವಿ, ಸುತ್ತ ತುಪ್ಪ ಬಿಡುತ್ತಾರೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಮೇಲೇಳುವವರೆಗೆ ಮುಟ್ಟುವುದಿಲ್ಲ. ಒಂದು ಸಾಲು ಎದ್ದ ಮೇಲೇ ಇನ್ನೊಂದು ಸಾಲು. ಹಾಗಾಗಿ ‘ನಮ್ಮದು ಸ್ವಲ್ಪ ಬೇಗ’ ಅಂದರೂ ಪ್ರಯೋಜನವಿಲ್ಲ. ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರ್ ಒಂದು ತೋಳಿನ ಮೇಲೆ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಿದರೆ, ಕಾದದ್ದಕ್ಕೂ ಖುಷಿಯಾಗುತ್ತದೆ.

ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಬೇರೆ ಜಾತಿಯದು. ಹತ್ತಿಯಷ್ಟು ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಇದನ್ನು ದಯವಿಟ್ಟು ಪಾರ್ಸೆಲ್ ಕಟ್ಟಿಸಬೇಡಿ. ಮನೆಗೆ ಬರುವಷ್ಟರಲ್ಲಿ ಆ ದೋಸೆ ಇರುವುದಿಲ್ಲ, ಬರೀ ಒದ್ದೆ ಹಿಟ್ಟು ಇರುತ್ತದೆ.

ಆರ್ಡರ್ ಮಾಡುವಾಗ ಹೋಟೆಲ್ ಏನು ಚೆನ್ನಾಗಿ ಮಾಡುತ್ತದೋ ಅದನ್ನೇ ಕೇಳಿ. ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಇಷ್ಟರಲ್ಲೇ ಹೆಸರು ಮಾಡಿದೆ. ಅಲ್ಲಿ ಸಾಂಬಾರ್ ಇಲ್ಲ. ಇಡ್ಲಿ ಮುಳುಗುವಷ್ಟು ಚಟ್ನಿ ಇದೆ, ತಟ್ಟೆ ಹಿಡಿದುಕೊಂಡು ಹೋದರೆ ಮತ್ತೆ ಹಾಕುತ್ತಾರೆ. ಬೇರೆ ಹೊಸ ಜಾಗಕ್ಕೆ ಹೋದಾಗ ಪಕ್ಕದ ಟೇಬಲಿನ ವಯಸ್ಸಾದವರು ಏನು ತಿನ್ನುತ್ತಿದ್ದಾರೆ ನೋಡಿ. ‘ಈಗ ಬಿಸಿ ಏನಿದೆ?’ ಅಂತ ಕೇಳಿದರೆ ಸಪ್ಲೈಯರ್ ನಿಜ ಹೇಳುತ್ತಾರೆ. ‘ಏನು ಚೆನ್ನಾಗಿದೆ?’ ಅಂದರೆ ಎಲ್ಲವೂ ಚೆನ್ನಾಗಿದೆ ಅಂತಾರೆ ಅಷ್ಟೇ.

ಕಾಫಿಗೂ ಹೊತ್ತಿದೆ. ಆಗತಾನೇ ಇಳಿದ ಡಿಕಾಕ್ಷನ್ ರುಚಿಯೇ ಬೇರೆ. ಬಹಳ ಹೊತ್ತು ಬಿಸಿಗಿಟ್ಟದ್ದು ಕಹಿಯಾಗುತ್ತದೆ. ಜನ ಜಾಸ್ತಿ ಇರುವಾಗ ಹೋದರೆ ಡಿಕಾಕ್ಷನ್ ಕೂತಿರುವುದಿಲ್ಲ, ಒಳ್ಳೆಯದು. ಇಬ್ಬರಿದ್ದರೆ ಬೈ-ಟು ಹೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮಿಲಿಟರಿ ಹೋಟೆಲಿಗೆ ಹೋಗುವವರು ಸಂಜೆ ಅಂತ ಇಟ್ಟುಕೊಳ್ಳಬೇಡಿ. ದೊನ್ನೆ ಬಿರಿಯಾನಿ, ಕಾಲ್ ಸೂಪ್, ಮುದ್ದೆ, ಮಟನ್ ಸಾರು ಇವೆಲ್ಲ ಹೆಚ್ಚಾಗಿ ಬೆಳಗ್ಗೆಯಿಂದ ಮಧ್ಯಾಹ್ನದ ಒಳಗಿನ ವ್ಯವಹಾರ. ಭಾನುವಾರವಂತೂ ಒಂದು ಗಂಟೆಯ ಮೇಲೆ ಹೋದರೆ ಇಷ್ಟದ್ದು ಸಿಗುವುದು ಕಷ್ಟ.

ಹುಬ್ಬಳ್ಳಿ-ಧಾರವಾಡದ ಕಡೆ ಇನ್ನೊಂದು ಲೆಕ್ಕ. ಖಾನಾವಳಿಯಲ್ಲಿ ಕೂತ ತಕ್ಷಣ ಕಡಕ್ ರೊಟ್ಟಿಯೋ ಬಿಸಿ ರೊಟ್ಟಿಯೋ ಹೇಳಿಬಿಡಿ. ಬಿಸಿದಾದರೆ ಒಳಗೆ ತಟ್ಟುವ ಸದ್ದು ಕೇಳುತ್ತದೆ, ಒಂದೊಂದೇ ಬರುತ್ತದೆ. ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿಗೆ ಮೊಸರು ಕಲಸಿಕೊಂಡು ನಿಧಾನವಾಗಿ ತಿನ್ನಿ. ಇಲ್ಲಿ ಯಾರೂ ಎಬ್ಬಿಸುವುದಿಲ್ಲ. ಗಿರಮಿಟ್ಟು, ಮಿರ್ಚಿ ಭಜಿಗೆ ಸಂಜೆಯ ಗಾಡಿಗಳನ್ನು ಕಾಯಿರಿ.

ಬೆಂಗಳೂರಿನ ಟಿಫಿನ್ ರೂಮಿನಲ್ಲಿ ಮಾತ್ರ ತಿಂದ ಮೇಲೆ ಎದ್ದುಬಿಡಿ. ಬೆನ್ನ ಹಿಂದೆ ಒಬ್ಬರು ಹಸಿದು ನಿಂತಿರುತ್ತಾರೆ. ಎದುರಿನ ಖುರ್ಚಿಯಲ್ಲಿ ಗುರುತಿಲ್ಲದವರು ಕೂತರೆ ಸ್ವಲ್ಪ ಜಾಗ ಬಿಟ್ಟುಕೊಡಿ. ಚಿಲ್ಲರೆ ಜೊತೆಗಿರಲಿ. ಫೋನಿನಲ್ಲಿ ದುಡ್ಡು ಕಳಿಸುವುದು ಈಗ ಎಲ್ಲ ಕಡೆ ನಡೆಯುತ್ತದೆ, ಆದರೂ ಬೆಳಗಿನ ನೂಕುನುಗ್ಗಲಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಇಡೀ ಸಾಲು ನಿಲ್ಲುತ್ತದೆ.

ಹಬ್ಬದ ಮುಂಚಿನ ವಾರ ಒಂದು ವಿಷಯ ವಿಚಾರಿಸಿಕೊಳ್ಳಿ. ಎಷ್ಟೋ ಹೋಟೆಲುಗಳಲ್ಲಿ ಅಡುಗೆಯವರು, ಸಪ್ಲೈಯರುಗಳು ಉಡುಪಿ, ಕುಂದಾಪುರದ ಕಡೆಯವರು. ಯುಗಾದಿ, ದೀಪಾವಳಿಗೆ ಊರಿಗೆ ಹೋದರೆ ಬಾಗಿಲು ತೆಗೆಯುವುದು ಎರಡು ಮೂರು ದಿನ ಬಿಟ್ಟು. ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಗಲ್ಲಾದ ಹತ್ತಿರ ಒಂದು ಚೀಟಿ ಅಂಟಿಸಿರುತ್ತಾರೆ. ದುಡ್ಡು ಕೊಡುವಾಗ ಅದನ್ನು ಓದಿಕೊಂಡು ಬನ್ನಿ.